ಕಾವೇರಿಯ ಆಚೆ ದಡದಲ್ಲಿ ಕೂತು ಗಾಳ ಹಾಕಿದರೆ ಕೇಸ್ ಆಗಲ್ಲ ಅಂತಾರೆ, ನಿಜಾನಾ?

ಬನಶಂಕರಿ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ ಗಾಳದ ಹುಚ್ಚು ಚಿಕ್ಕಂದಿನಿಂದ ಇದೆ. ಅಜ್ಜಿ ಊರಿನ ಕೆರೆ ಏರಿ ಮೇಲೆ ಬಿದಿರು ಕಡ್ಡಿ, ಎರೆಹುಳ ಇಟ್ಟುಕೊಂಡು ಕೂತರೆ ಊಟದ ಹೊತ್ತೂ ಗೊತ್ತಾಗುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಕೆಲಸ. ಸಂಬಳ ಬರೋಕೆ ಶುರುವಾದ ಮೇಲೆ ಒಳ್ಳೆ ರಾಡು, ರೀಲು ತಗೊಂಡೆ. ದುಡ್ಡು ಕಟ್ಟಿ ಗಾಳ ಹಾಕುವ ಖಾಸಗಿ ಹೊಂಡಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ಕಾಟ್ಲಾ, ರೋಹು ಸಿಗುತ್ತವೆ. ಆದರೆ ಹರಿಯುವ ನೀರಿನಲ್ಲಿ ದೊಡ್ಡ ಮೀನು ಎಳೆಯುವುದು ಹೇಗಿರುತ್ತದೆ ಅಂತ ನೋಡುವ ಆಸೆ ಇದ್ದೇ ಇದೆ.

ಆಫೀಸಿನ ಸೀನಿಯರ್ ಒಬ್ಬರು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ. ಅಲ್ಲಿ ಒಬ್ಬ ಏಜೆಂಟ್ ಇದ್ದಾನೆ. ಮೇಕೆದಾಟುವಿನಿಂದ ಕೆಳಗೆ, ಕಾವೇರಿ ದಡದಲ್ಲಿ ಎರಡು ರಾತ್ರಿ. ತಲೆಗೆ ಹದಿನೈದು ಸಾವಿರ. ಹರಿಗೋಲು, ಟೆಂಟು, ಊಟ, ಗಾಳಕ್ಕೆ ಹಾಕುವ ರಾಗಿ ಉಂಡೆ, ಜಾಗ ತೋರಿಸೋಕೆ ಅಲ್ಲಿನ ಹುಡುಗರು, ಎಲ್ಲಾ ಅವನದೇ. ಮಹಶೀರ್ ಮೀನು ಗ್ಯಾರಂಟಿ ಅಂತಾನೆ.

"ಲೈಸೆನ್ಸ್ ಬೇಡ್ವಾ?" ಅಂತ ಕೇಳಿದೆ. ಅದಕ್ಕೆ ಅವನು, "ಬ್ಯಾನ್ ಇರೋದು ಕರ್ನಾಟಕದ ಕಡೆ. ನಾವು ಕೂರೋದು ತಮಿಳುನಾಡು ದಡದಲ್ಲಿ. ಇವರು ಬಂದರೆ ಆಚೆ, ಅವರು ಬಂದರೆ ಈಚೆ. ನಡುಹೊಳೆಯ ಬಂಡೆ ಮೇಲೆ ಕೂತರೆ ಯಾರೂ ಕೇಳಲ್ಲ. ಹೇಗೂ ಹಿಡಿದು ವಾಪಸ್ ಬಿಡ್ತೀವಲ್ಲ, ಅದು ಅಪರಾಧಾನೇ ಅಲ್ಲ" ಅಂದ.

ಸೀನಿಯರ್ ಆಗಲೇ ಎರಡು ಸಲ ಹೋಗಿ ಬಂದಿದ್ದಾರಂತೆ. ನನಗ್ಯಾಕೋ ಸರಿ ಅನ್ನಿಸುತ್ತಿಲ್ಲ. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು. ಆ ಭಾಗದ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ. ಆಚೆ ದಡದಲ್ಲಿ ನಿಜವಾಗಿಯೂ ಕಾನೂನು ಬೇರೆನಾ? ಹಿಡಿದು ಬಿಟ್ಟರೂ ತಪ್ಪಾ?

ಗಾಳಪ್ರಿಯ

ಸುಮ್ನೆ ಹೆದರಬೇಡಿ. ನಾನು ಆ ಕಡೆ ಹೋಗಿದ್ದೇನೆ, ಏನೂ ಆಗಿಲ್ಲ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಕ್ಯಾಂಪುಗಳಲ್ಲಿ ವರ್ಷಾನುಗಟ್ಟಲೆ ಇದೇ ಮಹಶೀರ್‌ಗೆ ಗಾಳ ಹಾಕಿಸುತ್ತಿದ್ದರು. ವಿದೇಶದವರು ವಿಮಾನ ಹತ್ತಿ ಬರುತ್ತಿದ್ದರು. ಆಗ ಸರಿ ಇದ್ದದ್ದು ಈಗ ತಪ್ಪು ಹೇಗಾಯಿತು? ನಾವು ಒಂದು ಮೀನನ್ನೂ ಮನೆಗೆ ತರುವುದಿಲ್ಲ. ತೂಕ ನೋಡುತ್ತೇವೆ, ಫೋಟೋ ತೆಗೆಯುತ್ತೇವೆ, ಬಿಡುತ್ತೇವೆ. ತೋಟೆ ಸಿಡಿಸಿ ಹೊಳೆ ಖಾಲಿ ಮಾಡುವವರನ್ನು ಹಿಡಿಯಲಿ ಮೊದಲು.

ಹೊಳೆದಂಡೆ

ಬನಶಂಕರಿಯ ತಮ್ಮಾ, ಹೋಗಬೇಡಿ. ಕಾರಣ ಆಮೇಲೆ ಓದಿದರೂ ಸರಿ, ಅಡ್ವಾನ್ಸ್ ಮಾತ್ರ ಕೊಡಬೇಡಿ.

ನಾನು ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು. ನೌಕರಿಯ ಹೆಚ್ಚು ಭಾಗ ಹೊಳೆ ದಡದಲ್ಲೇ ಕಳೆಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಜಾಗ ಅರ್ಥ ಮಾಡಿಕೊಳ್ಳಿ. ಅರ್ಕಾವತಿ ಬಂದು ಸೇರುವ ಸಂಗಮದಲ್ಲಿ ಎರಡೂ ದಡ ನಮ್ಮದೇ. ಮೇಕೆದಾಟು ದಾಟಿ ಕೆಳಗೆ ಹೋದರೆ ಎಡದಂಡೆ ತಮಿಳುನಾಡು, ಬಲದಂಡೆ ಕರ್ನಾಟಕ. ಅಲ್ಲಿಂದ ಹೊಗೇನಕಲ್ ದಾಟಿ ಮೆಟ್ಟೂರು ಹಿನ್ನೀರಿನ ಕಡೆಗೆ ಸುಮಾರು 64 ಕಿಲೋಮೀಟರ್ ಹೊಳೆಯೇ ಗಡಿ. ಬೇಲಿ ಇಲ್ಲ, ಗೇಟ್ ಇಲ್ಲ. ಮಳೆಗಾಲದಲ್ಲಿ ಹೊಳೆ ಕಡೆ ತಿರುಗಿ ನೋಡುವುದಕ್ಕೇ ಭಯ. ಏಪ್ರಿಲ್‌ನಲ್ಲಿ ಕೆಲವು ಕಡೆ ಬಂಡೆಯಿಂದ ಬಂಡೆಗೆ ಕಾಲಿಟ್ಟುಕೊಂಡು ಪಕ್ಕದ ರಾಜ್ಯಕ್ಕೆ ಹೋಗಬಹುದು.

ಬಲದಂಡೆಯಲ್ಲಿ ಕಾವೇರಿ ವನ್ಯಜೀವಿಧಾಮ 1987ರಿಂದ ಇದೆ. ಅದರ ಕೆಳಗೆ ಮಲೆ ಮಹದೇಶ್ವರ ವನ್ಯಜೀವಿಧಾಮ, ಅದು 2013ರಲ್ಲಿ ಆಯಿತು. ಎಡದಂಡೆ ಕಾಡು ಬರೀ ಮೀಸಲು ಅರಣ್ಯವಾಗಿದ್ದ ಕಾಲವೊಂದಿತ್ತು. ಏಜೆಂಟ್ ಹೇಳುತ್ತಿರುವುದು ಆ ಕಾಲದ ಕಥೆ. ಈಗ ತಮಿಳುನಾಡಿನವರೂ ಆ ಕಡೆ ಕಾವೇರಿ ಉತ್ತರ ವನ್ಯಜೀವಿಧಾಮ ಮಾಡಿದ್ದಾರೆ. 2022ರ ನವೆಂಬರ್‌ನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿಧಾಮ ಅಂತ ಘೋಷಿಸಿದರು. ಹೊಳೆಯ ಮೆದುಚಿಪ್ಪಿನ ಆಮೆ, ನೀರುನಾಯಿ, ಮೊಸಳೆ ಇವೆಲ್ಲ ಇರುವ ಜಾಗ ಅನ್ನುವುದೂ ಅದಕ್ಕೆ ಒಂದು ಕಾರಣ. ಈಚೆ ದಡದಿಂದ ಆಚೆ ದಡಕ್ಕೆ ಹೋದರೆ ಒಂದು ಅಭಯಾರಣ್ಯ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟ ಹಾಗೆ, ಅಷ್ಟೇ.

ಇನ್ನು ಕಾನೂನು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಕೇಂದ್ರದ ಕಾಯ್ದೆ. ಎರಡೂ ದಡಕ್ಕೂ ಒಂದೇ. 2002ರ ತಿದ್ದುಪಡಿ ಆದಮೇಲೆ ಅದರಲ್ಲಿ ಪ್ರಾಣಿ ಅಂದರೆ ಮೀನೂ ಸೇರುತ್ತದೆ. ಸೆಕ್ಷನ್ 27ರ ಪ್ರಕಾರ ಪರ್ಮಿಟ್ ಇಲ್ಲದೆ ಅಭಯಾರಣ್ಯದ ಒಳಗೆ ಹೋಗುವ ಹಾಗೇ ಇಲ್ಲ. ಟೆಂಟ್ ಹಾಕಿದಾಗಲೇ ಇದು ಅನ್ವಯ ಆಯಿತು, ಗಾಳ ನೀರಿಗೆ ಬೀಳುವ ತನಕ ಕಾಯಬೇಕಾಗಿಲ್ಲ. ಸೆಕ್ಷನ್ 29, ಅಲ್ಲಿನ ವನ್ಯಜೀವಿಗೆ ಹಾನಿ ಮಾಡುವುದು, ಅದನ್ನು ಬಳಸಿಕೊಳ್ಳುವುದು, ಅಲ್ಲಿಂದ ತೆಗೆದುಕೊಂಡು ಹೋಗುವುದನ್ನು ತಡೆಯುತ್ತದೆ. ರಾತ್ರಿ ಒಲೆ ಹಚ್ಚಿ ಬೆಂಕಿ ತಗುಲಿದರೆ ಸೆಕ್ಷನ್ 30. ತೋಟೆ, ವಿಷ ಹಾಕಿದರೆ ಸೆಕ್ಷನ್ 32. ರಾಡು, ಹರಿಗೋಲು, ಕಾರು ಜಪ್ತಿ ಮಾಡುವುದಕ್ಕೆ, ಬಂಧಿಸುವುದಕ್ಕೆ ಸೆಕ್ಷನ್ 50ರಲ್ಲಿ ಅಧಿಕಾರ ಇದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ 1 ಲಕ್ಷ 2022ರ ತಿದ್ದುಪಡಿಯಲ್ಲಿ ಬಂದದ್ದು. ಮೊದಲು 25 ಸಾವಿರ ಇತ್ತು.

ಹಿಡಿದು ಬಿಟ್ಟರೆ ಅದು ಬೇಟೆ ಅಲ್ಲ ಅನ್ನುವ ವಾದ ಹಳೆಯದು. ಓದಿದವರು, ಮೀನಿನ ಬಗ್ಗೆ ನಿಜವಾದ ಪ್ರೀತಿ ಇರುವವರೇ ಅದನ್ನು ಮಾಡಿದ್ದಾರೆ. ಆದರೆ ಪರ್ಮಿಟ್ ಇಲ್ಲದೆ ರಾತ್ರಿ ಹರಿಗೋಲಲ್ಲಿ ಒಳಗೆ ಬಂದವನಿಗೆ ಆ ವಾದ ಯಾವ ಉಪಯೋಗಕ್ಕೂ ಬರುವುದಿಲ್ಲ.

ಈಗ ಆ ಏಜೆಂಟನ "ಆಚೆ ಈಚೆ" ಮಾತಿಗೆ ಬರುತ್ತೇನೆ. ಅದು ನಡೆಯುತ್ತದೆ, ಸುಳ್ಳಲ್ಲ. ಹೇಗೆ ಅಂತ ಹೇಳುತ್ತೇನೆ.

ಬೆಳಗಿನ ಜಾವ ನಮ್ಮ ಹುಡುಗರು ಕಳ್ಳಬೇಟೆ ತಡೆ ಶಿಬಿರದಿಂದ ಗಸ್ತು ಹೊರಡುತ್ತಾರೆ. ಗಾಳದವರನ್ನು ಕಣ್ಣಿಗಿಂತ ಮೊದಲು ಮೂಗು ಪತ್ತೆ ಮಾಡುತ್ತದೆ. ರಾಗಿ ಹಿಟ್ಟು ಬೇಯಿಸಿ, ಸೋಂಪು ಸೇರಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿರುತ್ತಾರೆ. ಆ ವಾಸನೆ ನೀರಿನ ತಂಪಿಗೆ ದಡದುದ್ದಕ್ಕೂ ನಿಂತಿರುತ್ತದೆ. ಹತ್ತಿರ ಹೋದರೆ ಬಂಡೆ ಸಂದಿಯಲ್ಲಿ ರಾಡ್ ಊರಿದ ಗುರುತು, ಮರಳಿನ ಮೇಲೆ ಹರಿಗೋಲು ಎಳೆದ ವೃತ್ತದ ಗೆರೆ, ಒಲೆಯಲ್ಲಿ ಇನ್ನೂ ಬಿಸಿ ಬೂದಿ. ಆಳುಗಳು ಎದುರು ದಡದಲ್ಲಿ ನಿಂತಿರುತ್ತಾರೆ. ನಡುವೆ ಕೂಗಿದರೆ ಕೇಳಿಸುವಷ್ಟು ಅಗಲದ ಹೊಳೆ. ಕೆಲವರು ಕೈ ಬೀಸುತ್ತಾರೆ ಕೂಡ.

ಗಾರ್ಡ್ ಆಗ ಏನು ಮಾಡಬೇಕು? ಅವನಿಗೆ ಅಧಿಕಾರ ಕೊಟ್ಟಿರುವುದು ಅವನ ರಾಜ್ಯ. ಆಚೆ ದಡದಲ್ಲಿ ಜಪ್ತಿ ಮಾಡಿದ ರಾಡಿಗೆ ಈಚೆ ಕೋರ್ಟಿನಲ್ಲಿ ಮಹಜರು ನಿಲ್ಲುವುದಿಲ್ಲ. "ಎಲ್ಲಿ ಹಿಡಿದಿರಿ, ಯಾವ ಸರ್ವೆ ನಂಬರ್, ನೀರಿನ ಯಾವ ಕಡೆ" ಅಂತ ವಕೀಲರು ಕೇಳುವ ಮೊದಲ ಪ್ರಶ್ನೆಗೇ ಕೇಸು ಅಲ್ಲಾಡುತ್ತದೆ. ಪಕ್ಕದ ರಾಜ್ಯದ ರೇಂಜ್‌ಗೆ ಫೋನ್ ಮಾಡೋಣ ಅಂದರೆ ಹೊಳೆ ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ಗುಡ್ಡ ಹತ್ತಿ ಮಾತಾಡಿ, ಅವರು ಅವರ ಶಿಬಿರದಿಂದ ಇಳಿದು ಬರುವಷ್ಟರಲ್ಲಿ ಅರ್ಧ ದಿನ. ಅಷ್ಟೊತ್ತಿಗೆ ಹರಿಗೋಲು ಮತ್ತೆ ಈಚೆ ಬಂದಿರುತ್ತದೆ.

ಎರಡೂ ಕಡೆಯವರು ಒಂದೇ ದಿನ, ಒಂದೇ ಹೊತ್ತಿಗೆ ಇಳಿದಾಗ ಮಾತ್ರ ಈ ಆಟ ನಿಲ್ಲುತ್ತದೆ. ಹಾಗೆ ಇಳಿದ ದಿನಗಳಲ್ಲಿ ಫಲ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಮೇಲಿನ ಸಾಹೇಬರುಗಳ ಸಭೆಯಿಂದ ಆಗಿದ್ದಕ್ಕಿಂತ ಜಾಸ್ತಿ, ಎರಡು ಶಿಬಿರದ ವಾಚರ್‌ಗಳು ಒಬ್ಬರ ನಂಬರ್ ಇನ್ನೊಬ್ಬರು ಇಟ್ಟುಕೊಂಡಿದ್ದರಿಂದ ಆಯಿತು. ಆ ಕಡೆ ಕಾಡಂಚಿನ ಊರುಗಳಲ್ಲಿ ಕನ್ನಡ ಮಾತಾಡುವವರು ಬಹಳ ಜನ ಇದ್ದಾರೆ. ನಮ್ಮ ಕಡೆ ಗೋಪಿನಾಥಂನಲ್ಲಿ ತಮಿಳು. ಭಾಷೆ ಯಾವತ್ತೂ ಅಡ್ಡ ಬರಲಿಲ್ಲ.

ಇನ್ನು ಮೀನಿನ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಮಹಶೀರ್ ಅನ್ನುತ್ತೀರಿ, ಹೊಳೆ ಕಡೆ ಬಿಳಿಮೀನು ಅಂತಾರೆ. ಕಾವೇರಿಯದೇ ಆದ ಒಂದು ಜಾತಿ ಇದೆ. ಬೆನ್ನು ಗೂನಾಗಿ ಎದ್ದಿರುತ್ತದೆ, ಈಜುರೆಕ್ಕೆ ಕಿತ್ತಳೆ ಬಣ್ಣ. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಹೊಳೆ ಅಷ್ಟು ದೊಡ್ಡ ಮೀನು ಬೆಳೆಸುತ್ತಿತ್ತು. ಇಂಥ ಮೀನಿಗೆ ವಿಜ್ಞಾನಿಗಳು ಖಚಿತವಾಗಿ ಟಾರ್ ರೆಮಾದೇವಿ ಅಂತ ಹೆಸರು ಹೇಳಿದ್ದು 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿಗೆ ಸೇರಿತು. ಅದಾದ ಮೇಲೆ ಬರುವುದು ಸಹಜ ನೆಲೆಯಿಂದಲೇ ನಿರ್ನಾಮ ಅನ್ನುವ ಸಾಲು.

ಈಗ ಜಾಸ್ತಿ ಸಿಗುವುದು ನೀಲಿ ರೆಕ್ಕೆಯ ಮಹಶೀರ್. ಅದನ್ನು ಲೋನಾವಳದ ಮರಿ ಕೇಂದ್ರದಿಂದ 1970ರ ದಶಕದ ನಂತರ ತಂದು ಬಿಟ್ಟದ್ದು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟರು. ಆದರೆ ಅದು ಹಬ್ಬಿತು, ನಮ್ಮ ಗೂನುಬೆನ್ನಿನ ಮೀನು ಮೂಲೆಗೆ ಸರಿಯಿತು. ನಿಮ್ಮ ಗಾಳಕ್ಕೆ ಬಿದ್ದದ್ದು ಯಾವುದು ಅಂತ ಟಾರ್ಚ್ ಬೆಳಕಿನಲ್ಲಿ, ಗಡಿಬಿಡಿಯಲ್ಲಿ ಹೇಗೆ ಗುರುತು ಹಿಡಿಯುತ್ತೀರಿ?

ಬೇಸಿಗೆಯಲ್ಲಿ ಹಿಡಿದು ಬಿಡುವುದು ಅಷ್ಟು ಸುಲಭವೂ ಅಲ್ಲ. ನೀರು ಮಡುಗಳಿಗೆ ಇಳಿದಿರುತ್ತದೆ, ಬಿಸಿ ಇರುತ್ತದೆ, ಉಸಿರಾಟಕ್ಕೆ ಗಾಳಿ ಕಡಿಮೆ. ಅಂಥ ನೀರಿನಲ್ಲಿ ದೊಡ್ಡ ಮೀನನ್ನು ಅರ್ಧ ಗಂಟೆ ಆಡಿಸಿ, ಬಿಸಿ ಬಂಡೆ ಮೇಲೆ ಮಲಗಿಸಿ, ಬಾಯಿಗೆ ಕೊಕ್ಕೆ ಹಾಕಿ ತೂಗಿ, ಎಲ್ಲರ ಫೋನಿಗೂ ಒಂದೊಂದು ಫೋಟೋ ಆಗುವ ತನಕ ಎತ್ತಿ ಹಿಡಿದು ಬಿಟ್ಟರೆ, ಅದು ಈಜಿಕೊಂಡು ಹೋದದ್ದನ್ನು ನೀವು ನೋಡುತ್ತೀರಿ. ಮಾರನೇ ದಿನ ಕೆಳಗಿನ ಮಡುವಿನಲ್ಲಿ ಹೊಟ್ಟೆ ಮೇಲಾಗಿ ತೇಲುವುದನ್ನು ನೋಡುವುದು ಗಸ್ತಿನ ಹುಡುಗರು. ಬಂಡೆಗೆ ಸಿಕ್ಕಿ ಹರಿದ ಗಾಳದ ದಾರವೂ ಅಲ್ಲೇ ಉಳಿಯುತ್ತದೆ. ಅಂಥ ದಾರ ಕತ್ತಿಗೆ ಸುತ್ತಿಕೊಂಡ ಆಮೆಯನ್ನು ನಾನು ಬ್ಲೇಡ್ ಹಿಡಿದು ಬಿಡಿಸಿದ್ದೇನೆ. ಚರ್ಮದೊಳಗೆ ಬೆರಳಿನ ಉಗುರಿನಷ್ಟು ಆಳಕ್ಕೆ ಇಳಿದಿತ್ತು. ದಾರ ತೆಗೆದಮೇಲೂ ಅದು ಬಹಳ ಹೊತ್ತು ತಲೆ ಒಳಗೆ ಎಳೆದುಕೊಳ್ಳಲಿಲ್ಲ, ಎಳೆದುಕೊಳ್ಳುವುದಕ್ಕೆ ಆಗುತ್ತಿರಲಿಲ್ಲ.

ಅಂಚೆಟ್ಟಿ ಮಂಜು

ಹೊಳೆದಂಡೆ ಅಣ್ಣನಿಗೆ ನಮಸ್ಕಾರ. ನಾನು ಎಡದಂಡೆಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವನು. ನಮ್ಮ ತಂದೆ ಹರಿಗೋಲು ಹಾಕಿಯೇ ನಮ್ಮನ್ನು ಓದಿಸಿದ್ದು. ಹಿನ್ನೀರಿನಲ್ಲಿ ಬಲೆ ಹಾಕುವುದಕ್ಕೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇತ್ತು. ಹಾಗಾಗಿ ಬಲೆಯವರ ಪರವಾಗಿ ಎರಡು ಮಾತು.

ಗಾಳದವರು ಬಂದು ಹೋದಮೇಲೆ ಏನಾಗುತ್ತದೆ ಗೊತ್ತಾ? ಹೊಳೆಯಲ್ಲಿ ಯಾರೋ ಓಡಾಡಿದರು ಅಂತ ಸುದ್ದಿ ಹೋಗುತ್ತದೆ. ಮಾರನೇ ದಿನ ಬಿಗಿ ಗಸ್ತು. ಅಷ್ಟೊತ್ತಿಗೆ ಕಾರಿನವರು ಬೆಂಗಳೂರು ಸೇರಿರುತ್ತಾರೆ. ಸಿಕ್ಕಿಬೀಳುವವನು ಆಡು ಮೇಯಿಸಲು ಇಳಿದವನು, ಸಂಜೆ ಸಾರಿಗೆ ನಾಲ್ಕು ಮೀನು ಹಿಡಿಯಲು ಬಲೆ ಬಿಟ್ಟವನು. ಬಲೆ ಹೋಗುತ್ತದೆ, ಹರಿಗೋಲು ಹೋಗುತ್ತದೆ. ಹರಿಗೋಲು ಹೊಸದು ಕಟ್ಟಿಸಬೇಕು ಅಂದರೆ ಸಾಲ ಮಾಡಬೇಕು. ಕೋರ್ಟಿಗೆ ಅಲೆಯುವುದಕ್ಕೆ ಕೂಲಿ ಬಿಡಬೇಕು.

ಏಜೆಂಟ್ ಹೇಳುವ "ಸ್ಥಳೀಯ ಹುಡುಗರು" ನಮ್ಮ ಊರಿನವರೇ. ಹದಿನೈದು ಸಾವಿರದಲ್ಲಿ ಅವರಿಗೆ ಸಿಗುವುದು ದಿನಕ್ಕೆ ಆರುನೂರೋ ಏಳುನೂರೋ. ಸಿಕ್ಕಿಬಿದ್ದರೆ ಮೊದಲ ಆರೋಪಿ ಅವನೇ, ಯಾಕಂದರೆ ಹರಿಗೋಲು ಅವನದು, ಜಾಗ ತೋರಿಸಿದವನು ಅವನು. ಊಟ ತಂದಿಟ್ಟವನು ಅವನು.

ಇನ್ನೊಂದು ಮಾತು. ಈ ಗಡಿಯಲ್ಲಿ ರಾತ್ರಿ ಓಡಾಟ ಆಟದ ವಿಷಯ ಅಲ್ಲ. 2023ರ ಫೆಬ್ರವರಿಯಲ್ಲಿ ಪಾಲಾರ್ ಹತ್ತಿರ ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದ ಘಟನೆ ಆಯಿತು. ಜಿಂಕೆ ಬೇಟೆಯವರು ಅಂತ ಅವರು ಹೇಳಿದರು. ಆಮೇಲೆ ಗೋವಿಂದಪಾಡಿಯ ಒಬ್ಬರ ಶವ ಹೊಳೆಯಲ್ಲಿ ಸಿಕ್ಕಿತು. ಎರಡು ರಾಜ್ಯಗಳ ನಡುವೆ ಬಸ್ಸು ನಿಂತವು. ನಮ್ಮ ಕಡೆ ಊರುಗಳಲ್ಲಿ ಇನ್ನೂ ಯಾರೂ ಅದನ್ನು ಮರೆತಿಲ್ಲ. ಕತ್ತಲಲ್ಲಿ ಹೆಗಲ ಮೇಲೆ ಉದ್ದ ಕಡ್ಡಿ ಇಟ್ಟುಕೊಂಡು ನಡೆಯುವವನು ದೂರದಿಂದ ಹೇಗೆ ಕಾಣುತ್ತಾನೆ ಅಂತ ಒಂದು ಕ್ಷಣ ಯೋಚನೆ ಮಾಡಿ.

ಗಾಳಪ್ರಿಯ

ಮಂಜು ಅವರೇ, ನೀವು ಹೇಳಿದ್ದು ನನಗೆ ಗೊತ್ತಿರಲಿಲ್ಲ, ಬೇಜಾರಾಯಿತು. ಆದರೆ ಹೊಳೆದಂಡೆ ಸರ್‌ಗೆ ಒಂದು ಪ್ರಶ್ನೆ. ಕ್ಯಾಂಪುಗಳು ಇದ್ದಾಗ ಹೊಳೆ ಮೇಲೆ ಹಗಲೂ ರಾತ್ರಿ ಕಣ್ಣಿತ್ತು. ತೋಟೆ ಹಾಕುವವರು ಹೆದರುತ್ತಿದ್ದರು. ಮೊದಲು ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರೇ ಗೈಡ್ ಆಗಿ ಸಂಬಳ ತಗೊಳ್ಳುತ್ತಿದ್ದರು. ಕ್ಯಾಂಪು ನಿಲ್ಲಿಸಿದ್ದರಿಂದ ಮೀನಿಗೆ ಒಳ್ಳೆಯದಾಯಿತಾ?

ವಿಂಡ್ಸರ್ ಕನ್ನಡಿಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನಿರುವುದು ಕೆನಡಾದ ವಿಂಡ್ಸರ್‌ನಲ್ಲಿ. ಎದುರು ದಡ ಅಮೆರಿಕದ ಡೆಟ್ರಾಯಿಟ್. ಇಲ್ಲೂ ಹೊಳೆಯೇ ಗಡಿ. ಪಕ್ಕದ ಸೇಂಟ್ ಕ್ಲೇರ್ ಸರೋವರದ ನಡುವೆಯೂ ಗಡಿ ಹೋಗುತ್ತದೆ.

ಇಲ್ಲಿ ಗಾಳಕ್ಕೆ ಲೈಸೆನ್ಸ್ ಕೊಡುತ್ತಾರೆ, ಅದು ನಿಮ್ಮಲ್ಲಿಗಿಂತ ಬೇರೆ. ಆದರೆ ಮಿಷಿಗನ್ ಲೈಸೆನ್ಸ್ ಗಡಿ ಗೆರೆಯ ತನಕ ಮಾತ್ರ. ದೋಣಿ ಗೆರೆ ದಾಟಿ ಗಾಳ ಹಾಕಿದರೆ ಒಂಟಾರಿಯೊ ಲೈಸೆನ್ಸ್ ಬೇಕು. ಎಷ್ಟು ಮೀನು ಇಟ್ಟುಕೊಳ್ಳಬಹುದು, ಯಾವ ತಿಂಗಳು ಹಿಡಿಯಬಹುದು ಅನ್ನುವುದೂ ಆಯಾ ಕಡೆಯದೇ. ದೋಣಿಯಲ್ಲಿ ಜಿಪಿಎಸ್ ಇರುವುದರಿಂದ ಗೊತ್ತಾಗಲಿಲ್ಲ ಅನ್ನುವ ಮಾತನ್ನು ಯಾರೂ ಕೇಳುವುದಿಲ್ಲ.

ನನಗೆ ಇಷ್ಟವಾದದ್ದು ಎರಡು. ಒಂದು, ಅಮೆರಿಕದ ಲೇಸಿ ಕಾಯ್ದೆ. 1900ರದ್ದು, ಆಮೇಲೆ ಬಹಳ ತಿದ್ದಿದ್ದಾರೆ. ಬೇರೆ ರಾಜ್ಯದ ಅಥವಾ ಬೇರೆ ದೇಶದ ಕಾನೂನು ಮುರಿದು ಹಿಡಿದ ಮೀನನ್ನು ಇವರ ಕಡೆ ತಂದರೆ ಇವರ ಕಾನೂನಿನಲ್ಲೂ ಅಪರಾಧ. ಆಚೆ ದಡದ ತಪ್ಪು ಈಚೆ ದಡಕ್ಕೆ ಬಂದ ತಕ್ಷಣ ತೊಳೆದು ಹೋಗುವುದಿಲ್ಲ. ಇನ್ನೊಂದು, 1954ರ ಒಪ್ಪಂದದಿಂದ ಎರಡೂ ದೇಶಗಳು ಸೇರಿ ಮಾಡಿಕೊಂಡ ಗ್ರೇಟ್ ಲೇಕ್ಸ್ ಮೀನುಗಾರಿಕೆ ಆಯೋಗ. ಅದರ ಕೆಳಗೆ ಎರಡೂ ಕಡೆಯ ಮೀನುಗಾರಿಕೆ ಅಧಿಕಾರಿಗಳು ಒಂದೇ ಮೇಜಿಗೆ ಕೂರುತ್ತಾರೆ. ಎರಡು ದೇಶಕ್ಕೆ ಆಗುವುದು ಒಂದೇ ದೇಶದ ಎರಡು ರಾಜ್ಯಕ್ಕೆ ಆಗಬಾರದಾ?

ಹೊಳೆದಂಡೆ

ವಿಂಡ್ಸರ್‌ನವರೇ, ಬರೆದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಕಾಯ್ದೆ ಎರಡೂ ಕಡೆ ಒಂದೇ, ಆ ಮಟ್ಟಿಗೆ ನಾವು ನಿಮಗಿಂತ ಮುಂದೆ. ಆದರೆ ಕೂತು ಮಾತಾಡುವ ಮೇಜು ಇಲ್ಲ. ಕಾವೇರಿ ಅಂದ ತಕ್ಷಣ ಎರಡು ರಾಜ್ಯದವರಿಗೂ ನೆನಪಾಗುವುದು ಟಿಎಂಸಿ ಲೆಕ್ಕ. ಆ ನೀರಿನೊಳಗೆ ಏನಿದೆ ಅನ್ನುವುದು ಯಾವ ಸಭೆಯಲ್ಲೂ ಮೊದಲ ವಿಷಯ ಆಗುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಗಾಳಪ್ರಿಯ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕ್ಯಾಂಪುಗಳಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಗಾಳಿಬೋರೆಯಲ್ಲಿ 1998ರಿಂದ 2012ರ ತನಕ ಯಾರು, ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ತೂಕದ ಮೀನು ಬಿತ್ತು ಅಂತ ಪುಸ್ತಕದಲ್ಲಿ ಬರೆದಿಟ್ಟರು. 6161 ಮೀನಿನ ಲೆಕ್ಕ ಅದು. ಅದರಲ್ಲಿ ಅತಿ ದೊಡ್ಡದು 104 ಪೌಂಡ್. ನೀಲಿ ರೆಕ್ಕೆಯದು ಹಬ್ಬಿದ್ದು, ಗೂನುಬೆನ್ನಿನದು ಕಡಿಮೆಯಾದದ್ದು ಸಂಶೋಧಕರಿಗೆ ತಿಳಿದದ್ದೇ ಆ ಪುಸ್ತಕಗಳಿಂದ. ಗೈಡ್‌ಗಳಿಗೆ ಸಂಬಳ ಇತ್ತು, ಮರ್ಯಾದೆ ಇತ್ತು. ಅದು ನಿಂತಮೇಲೆ ಆ ಮನೆಗಳಿಗೆ ಬೇರೆ ದಾರಿ ತೋರಿಸದೆ ಬಿಟ್ಟದ್ದು ಸರಿಯಲ್ಲ ಅಂತ ನೌಕರಿಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಆದರೆ ನೀವು ಹೋಗುತ್ತಿರುವುದು ಆ ಕ್ಯಾಂಪಿಗೆ ಅಲ್ಲ. ಅಲ್ಲಿ ಹೆಸರು ಬರೆಸಬೇಕಿತ್ತು, ಹಗಲಿನಲ್ಲಿ ಎಲ್ಲರ ಕಣ್ಣೆದುರು ಗಾಳ ಹಾಕಬೇಕಿತ್ತು, ಪ್ರತಿ ಮೀನಿಗೂ ಲೆಕ್ಕ ಕೊಡಬೇಕಿತ್ತು. ನಿಮ್ಮ ಏಜೆಂಟ್ ಯಾವ ಪುಸ್ತಕ ಇಟ್ಟಿದ್ದಾನೆ? ನೀವು ಕಳ್ಳತನದಲ್ಲಿ ಹೋಗಿ ಬಂದ ಪ್ರತಿಸಲವೂ "ನೋಡಿ, ಗಾಳದವರೆಂದರೆ ಇವರೇ" ಅನ್ನುವ ಮಾತಿಗೆ ಬಲ ಬರುತ್ತದೆ. ಕಾನೂನಿನ ದಾರಿಯಲ್ಲಿ ಗಾಳಕ್ಕೆ ಅವಕಾಶ ಕೊಡಿಸಿ ಅಂತ ಕೇಳುವವರ ಬಾಯಿ ನೀವೇ ಮುಚ್ಚಿಸುತ್ತಿದ್ದೀರಿ.

ಮಂಜು, ನೀನು ಬರೆದದ್ದು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನೀನು ಹೇಳಿದ್ದು ಅಕ್ಷರಶಃ ನಿಜ. ಬಲೆಯವನನ್ನು ಹಿಡಿದರೆ ಅವನ ಪರವಾಗಿ ಯಾರೂ ಬರುವುದಿಲ್ಲ. ರಾಡಿನವರನ್ನು ಹಿಡಿದರೆ ಶಿಬಿರಕ್ಕೆ ಕರೆತರುವ ಮೊದಲೇ ಅವರ ಪರಿಚಯದವರ ಫೋನ್ ಬಂದಿರುತ್ತದೆ. "ಓದಿದ ಹುಡುಗರು, ಗೊತ್ತಿಲ್ಲದೆ ಬಂದಿದ್ದಾರೆ, ಎಚ್ಚರಿಕೆ ಕೊಟ್ಟು ಕಳಿಸಿ." ಓದಿದವರಿಗೇ ಗೊತ್ತಿಲ್ಲ ಅಂದರೆ, ಓದದವನಿಗೆ ಗೊತ್ತಿರಬೇಕಿತ್ತು ಅಂತ ಕೇಸ್ ಹಾಕುವುದು ಯಾವ ನ್ಯಾಯ? ನನ್ನ ಸಿಟ್ಟು ಇಲ್ಲಿಯೇ. ಆ ಬಲೆಯವನು ಹೊಟ್ಟೆಗೆ ಹಿಡಿಯುತ್ತಾನೆ. ಅವನ ಅಪ್ಪ, ತಾತ ಅಲ್ಲೇ ಹಿಡಿದವರು. ಕಾಡು ಅಭಯಾರಣ್ಯ ಆದಾಗ ಅವನನ್ನು ಯಾರೂ ಕೇಳಲಿಲ್ಲ. ಆದರೂ ಅವನು ಬಿಡಬೇಕು ಅಂತ ನಾವು ಹೇಳುತ್ತಿದ್ದೇವೆ, ಬಹಳ ಜನ ಬಿಟ್ಟಿದ್ದಾರೆ ಕೂಡ. ಬರೀ ಖುಷಿಗೆ ಬರುವವನು, ಹೋಗಲು ಬೇರೆ ನೂರು ಜಾಗ ಇರುವವನು, ಅವನಿಗಿಂತ ಮೊದಲು ಬಿಡಬೇಕಲ್ವಾ?

ತೋಟೆಯವರ ಬಗ್ಗೆ ಗಾಳಪ್ರಿಯ ಮೊದಲೇ ಬರೆದಿದ್ದರು. ತೋಟೆ, ವಿಷ ಹಾಕುವುದು ಅಭಯಾರಣ್ಯದ ಹೊರಗೂ ಅಪರಾಧ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ಅದಕ್ಕೆ ನಿಷೇಧ ಇತ್ತು. ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು. ಅವರನ್ನು ಹಿಡಿಯುವ ಕೆಲಸ ನಡೆಯುತ್ತಲೇ ಇದೆ. ತೋಟೆ ಸಿಡಿದರೆ ಶಬ್ದ ಗುಡ್ಡಕ್ಕೆ ಬಡಿದು ಶಿಬಿರಕ್ಕೆ ಕೇಳುತ್ತದೆ, ಓಡಿ ಹೋಗಬಹುದು. ಆದರೆ ಎರಡು ಗುಂಪು ಗಾಳದವರ ಹಿಂದೆ ಗಸ್ತಿನವರು ದಿನಪೂರ್ತಿ ಅಲೆದರೆ, ಆ ದಿನ ಇನ್ನೊಂದು ಮಡು ಖಾಲಿ ಬಿದ್ದಿರುತ್ತದೆ. ಒಂದು ಶಿಬಿರದಲ್ಲಿ ಇರುವುದು ಮೂರೋ ನಾಲ್ಕೋ ಜನ. ಅವರಲ್ಲೂ ಜಾಸ್ತಿ ಜನ ದಿನಗೂಲಿಯವರು.

ಬನಶಂಕರಿ ಹುಡುಗ

ಹೊಳೆದಂಡೆ ಸರ್, ಮಂಜು ಅಣ್ಣ, ತುಂಬಾ ಧನ್ಯವಾದ. ಅಡ್ವಾನ್ಸ್ ಕೊಡಲ್ಲ, ಅದು ನಿರ್ಧಾರ ಆಯಿತು. ಸೀನಿಯರ್‌ಗೂ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಹೊಳೆಯಲ್ಲಿ ಕಾನೂನಿನ ಪ್ರಕಾರ ಗಾಳ ಹಾಕುವುದಕ್ಕೆ ಜಾಗವೇ ಇಲ್ವಾ? ಮತ್ತೆ ಆ ಏಜೆಂಟ್ ಬಗ್ಗೆ ಏನು ಮಾಡಲಿ? ಗ್ರೂಪಿನಲ್ಲಿ ನೂರಕ್ಕೂ ಜಾಸ್ತಿ ಜನ ಇದ್ದಾರೆ. ನಾನೊಬ್ಬ ಹೋಗದಿದ್ದರೆ ಏನು ಬದಲಾಗುತ್ತದೆ?

ಹೊಳೆದಂಡೆ

ಜಾಗ ಇದೆ. ಕೊಡಗಿನಲ್ಲಿ ವಾಲ್ನೂರು ಕಡೆ ಕಾವೇರಿಯ ಒಂದು ಭಾಗವನ್ನು ಅಲ್ಲಿನ ವನ್ಯಜೀವಿ ಸಂಘ ವರ್ಷಗಳಿಂದ ನೋಡಿಕೊಂಡು ಬಂದಿದೆ. ಅದು ಅಭಯಾರಣ್ಯದ ಹೊರಗೆ. ಪರವಾನಗಿ ತಗೊಂಡು, ಹಿಡಿದು ಬಿಡುವ ಪದ್ಧತಿ. ಹೋಗುವ ಮೊದಲು ಸಂಘದಲ್ಲಿ ಮತ್ತು ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲಿ ಆ ವರ್ಷದ ನಿಯಮ ಏನು ಅಂತ ವಿಚಾರಿಸಿ, ಲಿಖಿತವಾಗಿ ತಗೊಳ್ಳಿ. ಮಳೆಗಾಲದಲ್ಲಿ ಮೀನು ಮೊಟ್ಟೆಗೆ ಮೇಲೆ ಹತ್ತುವ ಹೊತ್ತು ಎಲ್ಲಿಯೂ ಹೋಗಬೇಡಿ, ಯಾರು ಬಿಟ್ಟರೂ. ಮುಳ್ಳಿಲ್ಲದ ಒಂಟಿ ಗಾಳ ಹಾಕಿ. ಮೀನನ್ನು ನೀರಿನಿಂದ ಮೇಲಕ್ಕೆ ಎತ್ತಬೇಡಿ. ಫೋಟೋ ಬೇಕೇ ಬೇಕು ಅಂದರೆ ಅದು ನೀರಿನಲ್ಲಿರುವಾಗಲೇ ತೆಗೆಯಿರಿ.

ಏಜೆಂಟ್ ವಿಷಯ. ಗ್ರೂಪಿನಿಂದ ಹೊರಗೆ ಬರಬೇಡಿ ಈಗಲೇ. ಅವನು ಕಳಿಸಿದ ದಿನಾಂಕ, ದರ, ಜಾಗದ ಗುರುತು, ಮೀನು ಹಿಡಿದ ಫೋಟೋಗಳು, ಹಣ ಕಳಿಸಲು ಕೊಟ್ಟ ನಂಬರ್ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಹೊಳೆಯಲ್ಲಿ ನಿಂತು ಹಿಡಿಯುವುದಕ್ಕೆ ಆಗದವನನ್ನು ಈ ಕಾಗದಗಳು ಹಿಡಿಯುತ್ತವೆ. ನೀರಿನ ನಡುವೆ ಯಾವ ಕಡೆ ನಿಂತಿದ್ದ ಅನ್ನುವ ಜಗಳ ಇಲ್ಲಿ ಬರುವುದಿಲ್ಲ. ಹಣ ತಗೊಂಡದ್ದು ಬೆಂಗಳೂರಿನಲ್ಲಿ, ಕರೆದುಕೊಂಡು ಹೋಗುತ್ತೇನೆ ಅಂದದ್ದು ಅಭಯಾರಣ್ಯಕ್ಕೆ.

ಕರ್ನಾಟಕದಲ್ಲಿ ಅರಣ್ಯ ಸಹಾಯವಾಣಿ 1926. ಫೋನ್ ಮಾಡಿ ಬರೀ ದೂರು ಹೇಳಿ ಇಟ್ಟುಬಿಡಬೇಡಿ. ಯಾವ ದಿನ, ಯಾವ ರಸ್ತೆಯಿಂದ, ಎಷ್ಟು ಗಾಡಿ ಅಂತ ಹೇಳಿ. ಅದೇ ವಿವರಗಳನ್ನು ಹೊಸೂರಿನಲ್ಲಿರುವ ತಮಿಳುನಾಡು ಅರಣ್ಯ ಇಲಾಖೆಯ ಕಚೇರಿಗೂ ಒಂದು ಪತ್ರದಲ್ಲಿ ಕಳಿಸಿ. ಎರಡೂ ಪತ್ರದಲ್ಲಿ "ಇದರ ಪ್ರತಿಯನ್ನು ಆಚೆ ರಾಜ್ಯಕ್ಕೂ ಕಳಿಸಲಾಗಿದೆ" ಅಂತ ಕೆಳಗೆ ಬರೆಯಿರಿ. ಈ ಒಂದು ಸಾಲು ಎಷ್ಟು ಕೆಲಸ ಮಾಡುತ್ತದೆ ಅಂತ ನೌಕರಿ ಮಾಡಿದ ನನಗೆ ಗೊತ್ತು.

ಮತ್ತೆ ಹರಿಗೋಲಿನ ಹುಡುಗರ ಹೆಸರು ಗೊತ್ತಿದ್ದರೂ ಅದರಲ್ಲಿ ಬರೆಯಬೇಡಿ. ಏಜೆಂಟನ ಹೆಸರು ಸಾಕು.

ಅಂಚೆಟ್ಟಿ ಮಂಜು

ಹೊಸೂರಿಗೆ ಪತ್ರ ತಮಿಳಿನಲ್ಲಿ ಇದ್ದರೆ ಬೇಗ ಓದುತ್ತಾರೆ. ಕನ್ನಡದಲ್ಲಿ ಬರೆದು ನನಗೆ ಮೆಸೇಜ್ ಮಾಡಿ, ಈ ಭಾನುವಾರವೇ ತಮಿಳಿಗೆ ಮಾಡಿಕೊಡುತ್ತೇನೆ.